ಮಗನ ಕೋಚ್ ಹಳೆಯ ಎನ್‌ಎಫ್‌ಎಲ್ ಆಟಗಾರರಾ? ಅಪ್ಪ-ಅಮ್ಮ ಏನು ನೋಡಬೇಕು, ಏನು ಕೇಳಬೇಕು

ನಾವಿರುವುದು ಡಲ್ಲಾಸ್ ಹತ್ತಿರದ ಒಂದು ಊರಿನಲ್ಲಿ. ನನ್ನ ತವರು ಶಿವಮೊಗ್ಗ. ಮಗ ಹೈಸ್ಕೂಲಿನ ಫುಟ್‌ಬಾಲ್ (ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್) ತಂಡದಲ್ಲಿ ಅಫೆನ್ಸಿವ್ ಲೈನ್ ಆಡಿದವನು. ಅಂದರೆ ಚೆಂಡು ಹಿಡಿಯುವವನಲ್ಲ, ಚೆಂಡು ಹಿಡಿದವನನ್ನು ಕಾಯುವವನು. ಅವನಿಗೆ ಕಲಿಸಿದ ಕೋಚ್ ಕೆಲವು ವರ್ಷ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್‌ನಲ್ಲಿ, ಅದೇ ಜಾಗದಲ್ಲಿ ಆಡಿ, ಆಮೇಲೆ ಶಾಲೆಗೆ ಬಂದವರು. ಹಾಗಾಗಿ ಇಲ್ಲಿನ ಕನ್ನಡದ ತಾಯಂದಿರು ನನಗೆ ಫೋನ್ ಮಾಡಿ ಕೇಳುತ್ತಿರುತ್ತಾರೆ: "ಮಗ ಫುಟ್‌ಬಾಲ್ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ. ಕೋಚ್ ಎನ್‌ಎಫ್‌ಎಲ್‌ನವರಂತೆ. ಕಳಿಸಬಹುದಾ?"

ನನ್ನ ಉತ್ತರ ಯಾವಾಗಲೂ ಒಂದೇ. ಅವರು ಎಲ್ಲಿ ಆಡಿದರು ಅನ್ನುವುದು ಆಮೇಲೆ. ಈಗ ಅವರು ಮೇಷ್ಟ್ರಾಗಿದ್ದಾರಾ ಅನ್ನುವುದನ್ನು ಮೊದಲು ನೋಡಿ. ಚೆನ್ನಾಗಿ ಹಾಡುವವರೆಲ್ಲ ಸಂಗೀತ ಪಾಠ ಹೇಳಿಕೊಡಲಾರರು, ಅಲ್ವಾ? ಇದೂ ಹಾಗೆಯೇ. ಹೇಗೆ ನೋಡಬೇಕು ಅಂತ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಹೆಸರು ಹುಡುಕಿ

ಇದು ಐದು ನಿಮಿಷದ ಕೆಲಸ. ಎನ್‌ಎಫ್‌ಎಲ್‌ನಲ್ಲಿ ಯಾರು, ಯಾವ ವರ್ಷ, ಎಷ್ಟು ಪಂದ್ಯ ಆಡಿದರು ಅನ್ನುವ ದಾಖಲೆ ಎಲ್ಲರಿಗೂ ಸಿಗುತ್ತದೆ. ಒಂದು ತಂಡದ ಮುಖ್ಯ ಪಟ್ಟಿಯಲ್ಲಿ 53 ಜನ ಇರುತ್ತಾರೆ. ಅದರ ಹೊರಗೆ ಪ್ರಾಕ್ಟೀಸ್ ಸ್ಕ್ವಾಡ್ ಅಂತ ಇನ್ನೊಂದು ಗುಂಪು. ಬೇಸಿಗೆ ಕ್ಯಾಂಪಿಗೆ ಹೋಗಿ ಒಂದೂ ಪಂದ್ಯ ಆಡದೆ ವಾಪಸ್ ಬಂದವರೂ ಬಹಳ ಜನ. ಆಡಿದವರಲ್ಲೂ ಸರಾಸರಿ ಲೆಕ್ಕ ಹಾಕಿದರೆ ಮೂರು ವರ್ಷದ ಆಸುಪಾಸಿನಲ್ಲಿ ಆಟ ಮುಗಿದಿರುತ್ತದೆ. ಟಿವಿಯಲ್ಲಿ ಕಾಣುವ ಕೋಟ್ಯಧಿಪತಿಗಳನ್ನು ನೋಡಿ ಎಲ್ಲರೂ ಹಾಗೇ ಅಂದುಕೊಳ್ಳಬೇಡಿ. 25 ವರ್ಷಕ್ಕೇ ಮೊಣಕಾಲು ಕೆಟ್ಟು, ಮುಂದೇನು ಅಂತ ಕೂತವರೇ ಇಲ್ಲಿ ಜಾಸ್ತಿ.

ಕಡಿಮೆ ಆಡಿದವರು ಕಡಿಮೆ ಕೋಚ್ ಅಂತ ನಾನು ಹೇಳುತ್ತಿಲ್ಲ. ನನ್ನ ಅನುಭವದಲ್ಲಿ ಅದು ಉಲ್ಟಾನೇ. ಜಾಗ ಉಳಿಸಿಕೊಳ್ಳಲು ಪ್ರತಿ ವಾರ ಹೋರಾಡಿದವರಿಗೆ ಪ್ರತಿಯೊಂದು ಹೆಜ್ಜೆಯನ್ನೂ ಬಿಡಿಸಿ ಕಲಿಯುವುದು ಅನಿವಾರ್ಯವಾಗಿತ್ತು. ಅದಕ್ಕೇ ಅವರಿಗೆ ಬಿಡಿಸಿ ಹೇಳಿಕೊಡಲೂ ಬರುತ್ತದೆ. ನಮ್ಮ ಕೋಚ್ ಆ ಥರದವರು.

ಅವರು ಶಾಲೆಗೆ ಬಂದ ದಾರಿ ನೋಡಿ

ನಾನು ಎಲ್ಲರಿಗೂ ಹೇಳುವ ಉದಾಹರಣೆ ಜಾನ್ ಕಿಟ್ನಾ. ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನವರು. ಸೆಂಟ್ರಲ್ ವಾಷಿಂಗ್ಟನ್ ಅನ್ನುವ, ಫುಟ್‌ಬಾಲಿಗೆ ಅಂಥ ಹೆಸರಿಲ್ಲದ ಕಾಲೇಜಿನಲ್ಲಿ ಓದಿದರು. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಅವರನ್ನು ಆರಿಸಲಿಲ್ಲ. 1997ರಲ್ಲಿ ಯುರೋಪಿನ ಲೀಗ್‌ಗೆ ಹೋಗಿ ಬಾರ್ಸೆಲೋನಾ ತಂಡಕ್ಕೆ ಆಡಿ ಫೈನಲ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. ಆಮೇಲೆ ಸಿಯಾಟಲ್, ಸಿನ್ಸಿನಾಟಿ, ಡೆಟ್ರಾಯ್ಟ್, ಡಲ್ಲಾಸ್ ತಂಡಗಳಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು. 2006ರಲ್ಲಿ ಒಂದೇ ಸೀಸನ್‌ನಲ್ಲಿ ಚೆಂಡು ಎಸೆದು ತಂಡಕ್ಕೆ ಒಟ್ಟು 4,208 ಗಜ ಗಳಿಸಿಕೊಟ್ಟವರು.

ಆಟ ಬಿಟ್ಟ ಮೇಲೆ ಅವರು ಹೋಗಿದ್ದು ಟಿವಿ ಸ್ಟುಡಿಯೋಗಲ್ಲ. 2012ರಲ್ಲಿ ತಾವು ಓದಿದ ಟಕೋಮಾದ ಲಿಂಕನ್ ಹೈಸ್ಕೂಲಿಗೆ ಕೋಚ್ ಆಗಿ ಬಂದರು. ಜೊತೆಗೆ ಕ್ಲಾಸಿನಲ್ಲಿ ನಿಂತು ಆಲ್ಜೀಬ್ರಾ ಪಾಠ ಮಾಡಿದರು. 2013ರ ಕೊನೆಯಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಕ್ವಾರ್ಟರ್‌ಬ್ಯಾಕ್ ಟೋನಿ ರೋಮೋಗೆ ಬೆನ್ನು ನೋವಾಯಿತು. ತಂಡದವರು ಕಿಟ್ನಾಗೆ ಫೋನ್ ಮಾಡಿ ಕೊನೆಯ ಪಂದ್ಯಕ್ಕೆ ಮೀಸಲು ಆಟಗಾರನಾಗಿ ಬನ್ನಿ ಅಂದರು. 41ನೇ ವಯಸ್ಸಿನಲ್ಲಿ ಹೋಗಿ ಒಂದು ವಾರ ಇದ್ದರು. ಮೈದಾನಕ್ಕೆ ಇಳಿಯುವ ಸಂದರ್ಭ ಬರಲಿಲ್ಲ. ಆ ವಾರದ ಸಂಬಳ ಸುಮಾರು 53,000 ಡಾಲರ್. ಅದನ್ನು ತಮ್ಮ ಶಾಲೆಗೇ ಕೊಡುತ್ತೇನೆ ಅಂದರು. ಆಮೇಲೆ ನಮ್ಮ ಟೆಕ್ಸಾಸ್‌ನ ವ್ಯಾಕ್ಸಹ್ಯಾಚಿಗೂ ಕೋಚ್ ಆಗಿ ಬಂದರು. 2019ರಲ್ಲಿ ಕೌಬಾಯ್ಸ್ ಅವರನ್ನು ಕ್ವಾರ್ಟರ್‌ಬ್ಯಾಕ್ ಕೋಚ್ ಮಾಡಿಕೊಂಡಿತು. ಆದರೂ ಮರುವರ್ಷ ಮತ್ತೆ ಹೈಸ್ಕೂಲಿಗೇ ಬಂದರು. ಇಂಥ ಜನರ ಮೇಲೆ ನನಗೆ ತುಂಬಾ ಗೌರವ.

ಇನ್ನೊಬ್ಬರು ಫಿಲಿಪ್ ರಿವರ್ಸ್. ಎನ್‌ಎಫ್‌ಎಲ್‌ನಲ್ಲಿ 17 ಸೀಸನ್ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ, 2021ರಿಂದ ಅಲಬಾಮಾದ ಫೇರ್‌ಹೋಪ್‌ನಲ್ಲಿ ಸೇಂಟ್ ಮೈಕಲ್ ಶಾಲೆಯ ಕೋಚ್ ಆದರು. ಅವರ ಅಪ್ಪನೂ ಹೈಸ್ಕೂಲ್ ಕೋಚ್. ರಿವರ್ಸ್ ಕೂಡ 2025ರ ಡಿಸೆಂಬರ್‌ನಲ್ಲಿ, 44ನೇ ವಯಸ್ಸಿನಲ್ಲಿ, ಇಂಡಿಯಾನಾಪೊಲಿಸ್ ತಂಡ ಕರೆದಾಗ ಹೋಗಿ ಆಡಿದರು.

ಇದರಿಂದ ನಿಮಗೆ ಏನು ಉಪಯೋಗ? ನಿಮ್ಮ ಕೋಚ್‌ಗೆ ಒಂದು ಪ್ರಶ್ನೆ ಕೇಳಿ: "ನೀವು ಯಾವ ಸಬ್ಜೆಕ್ಟ್ ಪಾಠ ಮಾಡ್ತೀರಿ?" ಟೆಕ್ಸಾಸ್‌ನ ಸರ್ಕಾರಿ ಶಾಲೆಯಲ್ಲಿ ಹೆಡ್ ಕೋಚ್ ಆಗಬೇಕಾದರೆ ಆ ಸ್ಕೂಲ್ ಡಿಸ್ಟ್ರಿಕ್ಟ್‌ನ ಪೂರ್ಣಾವಧಿ ನೌಕರರಾಗಿರಬೇಕು. ಹೆಚ್ಚಿನ ಕೋಚ್‌ಗಳು ಪಾಠವನ್ನೂ ಮಾಡುತ್ತಾರೆ. ಪಾಠ ಮಾಡಲು ಡಿಗ್ರಿ ಬೇಕು, ಪರೀಕ್ಷೆ ಪಾಸಾಗಬೇಕು, ಸರ್ಟಿಫಿಕೇಟ್ ಬೇಕು. ಕಾಲೇಜು ಅರ್ಧಕ್ಕೇ ಬಿಟ್ಟು ಎನ್‌ಎಫ್‌ಎಲ್‌ಗೆ ಹೋದವರು ವಾಪಸ್ ಬಂದು, ತಮಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಕೂತು ಡಿಗ್ರಿ ಮುಗಿಸಬೇಕು. ನಮ್ಮ ಕೋಚ್ ಹಾಗೆ ಮಾಡಿದವರು. ಭೂಗೋಳ ಪಾಠ ಮಾಡುತ್ತಿದ್ದರು. ಅದರ ಬಗ್ಗೆ ಕೇಳಿದರೆ ಮುಖ ಅರಳುತ್ತಿತ್ತು. ತಮ್ಮ ಕ್ಲಾಸಿನ ಬಗ್ಗೆ ಉತ್ಸಾಹದಿಂದ ಮಾತಾಡುವ ಕೋಚ್ ಸಿಕ್ಕರೆ ಅರ್ಧ ಚಿಂತೆ ಬಿಡಿ.

ಒಂದು ಪ್ರಾಕ್ಟೀಸ್ ಪೂರ್ತಿ ಕೂತು ನೋಡಿ

ಮ್ಯಾಚ್ ನೋಡಿದರೆ ಕೋಚ್ ಅರ್ಥವಾಗುವುದಿಲ್ಲ. ಶುಕ್ರವಾರ ರಾತ್ರಿ ದೀಪ, ಬ್ಯಾಂಡ್, ಗಲಾಟೆ, ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಪೋಷಕರನ್ನು ಬಿಡುವ ದಿನ ಯಾವುದು ಅಂತ ಕೇಳಿಕೊಂಡು, ವಾರದ ಮಧ್ಯೆ ಒಂದು ಸಂಜೆ ಬೇಲಿ ಪಕ್ಕದ ಬೆಂಚಿನಲ್ಲಿ ಕೂತು ನೋಡಿ. ದೊಡ್ಡ ಆಟಗಾರರನ್ನು ಬಿಟ್ಟು, ತಂಡದ ಅತ್ಯಂತ ದುರ್ಬಲ ಹುಡುಗನ ಹತ್ತಿರ ಕೋಚ್ ಎಷ್ಟು ಹೊತ್ತು ಇರುತ್ತಾರೆ ಅಂತ ಗಮನಿಸಿ.

ನನ್ನ ಮಗ ಒಂಬತ್ತನೇ ಕ್ಲಾಸಿನಲ್ಲಿ ಅಂಥವನೇ. ದಪ್ಪ, ನಿಧಾನ. ಲೈನ್‌ನಲ್ಲಿ ಆಡುವವರು ಬಗ್ಗಿ ಒಂದು ಕೈ ನೆಲಕ್ಕೆ ಊರಿ ನಿಲ್ಲುತ್ತಾರೆ. ಅದಕ್ಕೆ ಮೂರು ಪಾಯಿಂಟ್ ಸ್ಟಾನ್ಸ್ ಅನ್ನುತ್ತಾರೆ. ಇವನು ಪೂರ್ತಿ ಭಾರ ಕೈಮೇಲೆ ಹಾಕಿಬಿಡುತ್ತಿದ್ದ. ಹಾಗೆ ಹಾಕಿದರೆ ಮುಂದಕ್ಕೆ ಮಾತ್ರ ಹೋಗಬಹುದು. ಹಿಂದಕ್ಕೋ ಪಕ್ಕಕ್ಕೋ ಹೆಜ್ಜೆ ಇಡಲು ಆಗುವುದಿಲ್ಲ. ಎದುರಿನವನಿಗೂ ಇವನ ಲೆಕ್ಕ ಗೊತ್ತಾಗಿಬಿಡುತ್ತದೆ. ಕೋಚ್ ಬಂದು ಇವನ ಪಕ್ಕದಲ್ಲೇ ಹುಲ್ಲಿನ ಮೇಲೆ ಮಂಡಿ ಊರಿದರು. ಆ ಮಂಡಿ ಊರುವುದೇ ಅವರಿಗೆ ಕಷ್ಟ, ಒಂದು ಕೈ ನೆಲಕ್ಕೆ ಕೊಟ್ಟು ಮೆಲ್ಲಗೆ ಇಳಿದರು. ಅವರ ಬಲಗೈ ಉಂಗುರದ ಬೆರಳು ನಡುವಿನ ಗೆಣ್ಣಿನಿಂದ ಆಚೆಗೆ ಸೊಟ್ಟಗೆ ತಿರುಗಿದೆ. ಜೇಬಿನಲ್ಲಿದ್ದ ಆ ದಿನದ ಪ್ರಾಕ್ಟೀಸ್ ಹಾಳೆ ತೆಗೆದು, ನೆಲಕ್ಕೆ ಊರಿದ್ದ ನನ್ನ ಮಗನ ಬೆರಳುಗಳ ಕೆಳಗೆ ತೂರಿಸಲು ನೋಡಿದರು. ಹೋಗಲಿಲ್ಲ. "ಇದು ಹೋಗೋವರೆಗೂ ಭಾರ ಕಾಲಿಗೆ ತಗೋ" ಅಂದರು. ಸೊಂಟ ಸ್ವಲ್ಪ ಇಳಿಸಿದ, ಹಿಮ್ಮಡಿ ಸರಿಮಾಡಿಕೊಂಡ. ಹಾಳೆ ಸರಕ್ಕನೆ ಒಳಗೆ ಹೋಯಿತು. ಕೋಚ್ ಏನೂ ಹೊಗಳಲಿಲ್ಲ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಪಕ್ಕದ ಹುಡುಗನ ಹತ್ತಿರ ಹೋದರು.

ಇದು ನೀವು ನೋಡಬೇಕಾದದ್ದು. "ನಾನು ಆಡ್ತಿದ್ದಾಗ" ಅಂತ ಕಥೆ ಹೇಳುತ್ತಾ ನಿಲ್ಲುವವರು ಬೇರೆ, ಮಂಡಿ ಊರುವವರು ಬೇರೆ. ಬೈಯುವುದೇ ಇಲ್ಲ ಅಂತಲ್ಲ, ದನಿ ಏರಿಸುತ್ತಾರೆ. ಬೈದ ಮೇಲೆ ಹೇಗೆ ಮಾಡಬೇಕು ಅಂತ ತೋರಿಸುತ್ತಾರಾ, ಅದನ್ನು ನೋಡಿ.

ಇನ್ನೂ ಒಂದು. ಎನ್‌ಎಫ್‌ಎಲ್ ನಿಯಮ ಬೇರೆ, ಶಾಲೆಯ ನಿಯಮ ಬೇರೆ. ಎನ್‌ಎಫ್‌ಎಲ್‌ನಲ್ಲಿ ಚೆಂಡು ಹಿಡಿದವನ ಎರಡೂ ಪಾದ ಗೆರೆಯೊಳಗೆ ಇರಬೇಕು, ಶಾಲೆಯಲ್ಲಿ ಒಂದು ಸಾಕು. ಅಲ್ಲಿ ಯಾರೂ ಮುಟ್ಟದೆ ತಾನೇ ಬಿದ್ದವನು ಎದ್ದು ಓಡಬಹುದು. ಇಲ್ಲಿ ಮಂಡಿ ನೆಲಕ್ಕೆ ತಾಗಿದರೆ ಅಲ್ಲಿಗೇ ಆಟ ನಿಲ್ಲುತ್ತದೆ. ಅಲ್ಲಿ ಕಾಲು ಭಾಗದ ಆಟ 15 ನಿಮಿಷ, ಇಲ್ಲಿ 12. ಹಳೆಯ ಆಟಗಾರರು ಇದನ್ನೆಲ್ಲ ಹೊಸದಾಗಿ ಕಲಿಯಬೇಕು. ಕಲಿತಿದ್ದಾರಾ ಅನ್ನುವುದು ಮಕ್ಕಳ ಆಟದಲ್ಲೇ ಗೊತ್ತಾಗುತ್ತದೆ.

ತಲೆ ಮತ್ತು ಬಿಸಿಲು: ಇಲ್ಲಿ ಸಂಕೋಚ ಬೇಡ

ನಮ್ಮವರು ಕೋಚ್ ಮುಂದೆ ತುಂಬಾ ಸಂಕೋಚ ಪಡುತ್ತೇವೆ. ಅಷ್ಟು ದೊಡ್ಡ ಆಟಗಾರರು, ನಾವೇನು ಕೇಳುವುದು ಅಂತ. ಈ ಎರಡು ವಿಷಯದಲ್ಲಿ ಮಾತ್ರ ದಯವಿಟ್ಟು ಹಾಗೆ ಮಾಡಬೇಡಿ.

ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಟೆಕ್ಸಾಸ್‌ನಲ್ಲಿ 2011ರಿಂದ ಕಾನೂನೇ ಇದೆ. ಹುಡುಗನನ್ನು ತಕ್ಷಣ ಹೊರಗೆ ಕರೆಯಬೇಕು, ಆ ದಿನ ವಾಪಸ್ ಆಡಿಸುವ ಹಾಗಿಲ್ಲ. ಡಾಕ್ಟರ್ ಬರೆದುಕೊಡಬೇಕು, ಅಪ್ಪನೋ ಅಮ್ಮನೋ ಸಹಿ ಹಾಕಬೇಕು, ಆಮೇಲೆ ಹಂತ ಹಂತವಾಗಿ ಆಟಕ್ಕೆ ಬರಬೇಕು. ಡಿಕ್ಕಿ ಹೊಡೆಯುವ ಪ್ರಾಕ್ಟೀಸ್‌ಗೂ ಮಿತಿ ಇದೆ. 2013ರಲ್ಲಿ ಅದನ್ನು ತಂದಾಗ ಒಬ್ಬ ಹುಡುಗನಿಗೆ ವಾರಕ್ಕೆ 90 ನಿಮಿಷ ಅಂತ ಇಟ್ಟರು. ಕೋಚ್‌ಗೆ ನೇರವಾಗಿ ಕೇಳಿ: "ವಾರದಲ್ಲಿ ಎಷ್ಟು ಹೊತ್ತು ಪೂರ್ತಿ ಜೋರಿನಲ್ಲಿ ಹೊಡೆಸ್ತೀರಿ? ಲೆಕ್ಕ ಯಾರು ಇಡ್ತಾರೆ?" ನಮ್ಮ ಕೋಚ್ ಹೇಳಿದ್ದು, ಎನ್‌ಎಫ್‌ಎಲ್‌ನಲ್ಲೇ ಸೀಸನ್ ನಡುವೆ ಅಷ್ಟು ಹೊಡೆದಾಡುವುದಿಲ್ಲ, ಮಕ್ಕಳಿಗೆ ಯಾಕೆ ಬೇಕು ಅಂತ.

ಸುಮ್ನೆ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದವರು 2023ರಲ್ಲಿ ಹೇಳಿದ ಲೆಕ್ಕದಲ್ಲಿ, ಪರೀಕ್ಷೆ ಮಾಡಿದ 376 ಹಳೆಯ ಎನ್‌ಎಫ್‌ಎಲ್ ಆಟಗಾರರ ಮಿದುಳಿನಲ್ಲಿ 345ರಲ್ಲಿ ಸಿಟಿಇ ಅನ್ನುವ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಮಿದುಳಿನ ರೋಗ ಕಂಡಿತು. ಇದು ಎಲ್ಲ ಆಟಗಾರರ ಪ್ರಮಾಣ ಅಲ್ಲ. ಬದುಕಿದ್ದಾಗ ತೊಂದರೆ ಕಂಡವರ ಮನೆಯವರೇ ಹೆಚ್ಚಾಗಿ ಮಿದುಳು ದಾನ ಕೊಟ್ಟಿರುತ್ತಾರೆ. ಆದರೂ ಜೊತೆಯಲ್ಲಿ ಆಡಿದ ಗೆಳೆಯರ ಕಷ್ಟವನ್ನು ಹಳೆಯ ಆಟಗಾರರು ಕಣ್ಣಾರೆ ಕಂಡಿರುತ್ತಾರೆ. ತಲೆಪೆಟ್ಟನ್ನು ಅವರು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. "ನಮ್ಮ ಕಾಲದಲ್ಲಿ ಮುಖ ತೊಳ್ಕೊಂಡು ಮತ್ತೆ ಆಡ್ತಿದ್ವಿ" ಅನ್ನುವ ಕೋಚ್ ಸಿಕ್ಕರೆ ನಾನು ಮಗನನ್ನು ಅಲ್ಲಿ ಬಿಡುವುದಿಲ್ಲ.

ಹೆಲ್ಮೆಟ್ ಕೊಟ್ಟ ದಿನ ನೀವೇ ಹಾಕಿಸಿ ನೋಡಿ. ಮುಂಭಾಗದ ಅಂಚು ಹುಬ್ಬಿನಿಂದ ಒಂದು ಇಂಚು ಮೇಲಿರಬೇಕು. ಮುಖದ ಜಾಲರಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲುಗಬೇಕು. ಚರ್ಮ ಸುಮ್ಮನಿದ್ದು ಹೆಲ್ಮೆಟ್ ಮಾತ್ರ ತಿರುಗಿದರೆ ಸಡಿಲ ಅಂತ ಅರ್ಥ. ಸೀಸನ್ ಮಧ್ಯೆ ಹುಡುಗ ಕೂದಲು ಕತ್ತರಿಸಿಕೊಂಡು ಬಂದರೆ ಇನ್ನೊಂದು ಸಲ ನೋಡಿ.

ಇನ್ನು ಬಿಸಿಲು. ಇಲ್ಲಿ ಆಗಸ್ಟ್‌ನಲ್ಲಿ ಪ್ರಾಕ್ಟೀಸ್ ಶುರುವಾಗುತ್ತದೆ. ನಮ್ಮ ರಾಯಚೂರಿನ ಮೇ ತಿಂಗಳೇ. 2001ರ ಆಗಸ್ಟ್ 1ರಂದು ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ತರಬೇತಿ ಕ್ಯಾಂಪಿನ ಬಿಸಿಲಿನಿಂದ ತೀರಿಕೊಂಡರು. ಅವರೂ ಲೈನ್ ಆಟಗಾರರೇ. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಸ್ಥೆ ಇದೆ. ಬಿಸಿಲಿನ ಆಘಾತದಲ್ಲಿ ಮೊದಲು ಮೈ ತಣಿಸಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು ಅನ್ನುವುದು ಆ ಸಂಸ್ಥೆಯ ಮುಖ್ಯ ಪಾಠ. ಆದ್ದರಿಂದ ಮೈದಾನಕ್ಕೆ ಹೋದಾಗ ಐಸ್ ನೀರಿನ ತೊಟ್ಟಿ ಎಲ್ಲಿದೆ ಅಂತ ಹುಡುಕಿ. ಅದು ತುಂಬಿ ಇಟ್ಟಿದೆಯಾ ಅಂತಲೂ ನೋಡಿ. ಮೊದಲ ಕೆಲವು ದಿನ ಮಕ್ಕಳಿಗೆ ಪೂರ್ತಿ ಪ್ಯಾಡ್ ಹಾಕಿಸುವ ಹಾಗಿಲ್ಲ, ಮೈ ಬಿಸಿಲಿಗೆ ಒಗ್ಗಬೇಕು. ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವ ಶಾಲೆಯ ಅಥ್ಲೆಟಿಕ್ ಟ್ರೈನರ್ ಯಾರು ಅಂತ ತಿಳಿದುಕೊಂಡು ಅವರ ನಂಬರ್ ಇಟ್ಟುಕೊಳ್ಳಿ. ಕೋಚ್‌ಗಿಂತ ಮೊದಲು ಪರಿಚಯ ಮಾಡಿಕೊಳ್ಳಬೇಕಾದವರು ಇವರೇ. ಟ್ರೈನರ್ "ಬೇಡ" ಅಂದಾಗ ಕೋಚ್ ಎದುರು ಮಾತಾಡದೆ ಒಪ್ಪುತ್ತಾರಾ? ಒಪ್ಪಿದರೆ ನಿಶ್ಚಿಂತೆ.

ಊಟದ ಮಾತು

ನಮ್ಮ ಮನೆಯಲ್ಲಿ ಸಸ್ಯಾಹಾರ. ಲೈನ್‌ನಲ್ಲಿ ಆಡುವವನಿಗೆ ತೂಕ ಬೇಕು. ನಾನು ಇದನ್ನು ಮೊದಲ ಪೋಷಕರ ಸಭೆಯಲ್ಲೇ ಕೋಚ್ ಹತ್ತಿರ ಹೇಳಿದೆ. ಅವರು ನಗಲಿಲ್ಲ, ಮಾಂಸ ತಿನ್ನಿಸಿ ಅಂತಲೂ ಹೇಳಲಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಏನು ತಿನ್ನುತ್ತಾನೆ ಅಂತ ಬರೆದು ಕೊಡಿ ಅಂದರು. ಬರೆದೆ. ಮೊಸರು, ಹೆಸರುಕಾಳು, ಪನೀರ್, ಕಡಲೆಬೀಜ ಎಲ್ಲ ಇತ್ತು, ಆದರೆ ಬೆಳಗಿನ ತಿಂಡಿ ಖಾಲಿ. ಆರು ಗಂಟೆಗೇ ಓಡುವ ಹುಡುಗ ಬರೀ ಹಾಲು ಕುಡಿದು ಹೋಗುತ್ತಿದ್ದ. ಅಲ್ಲಿಂದ ರಾತ್ರಿಯೇ ಎರಡು ದಪ್ಪ ಅಡೆದೋಸೆ ಮಾಡಿಟ್ಟು ಕಡಲೆಬೀಜದ ಚಟ್ನಿ ಜೊತೆ ಕಟ್ಟಿ ಕೊಡಲು ಶುರು ಮಾಡಿದೆ. ಗುರುವಾರದ ತಂಡದ ಊಟಕ್ಕೆ ಒಂದು ಟ್ರೇ ಪನೀರ್ ಪಲಾವ್ ನಮ್ಮ ಮನೆಯದು. ಬೂಸ್ಟರ್ ಕ್ಲಬ್‌ಗೆ, ಅಂದರೆ ತಂಡಕ್ಕೆ ನೆರವಾಗುವ ಪೋಷಕರ ಸಂಘಕ್ಕೆ, ಸೇರಿಕೊಳ್ಳಿ. ಇಂಥದ್ದನ್ನು ಅವರ ಮೂಲಕವೇ ಮಾಡಿ.

ಪುಡಿ, ಮಾತ್ರೆಗಳ ವಿಷಯದಲ್ಲಿ ಹುಷಾರು. ಆಟದ ಶಕ್ತಿ ಹೆಚ್ಚಿಸುವ ಪದಾರ್ಥವಿರುವ ಪುಡಿಗಳನ್ನು ಶಾಲೆಯ ನೌಕರರು ಮಕ್ಕಳಿಗೆ ಮಾರುವುದಿರಲಿ, ತಗೋ ಅಂತ ಸಲಹೆ ಕೊಡುವುದಕ್ಕೂ ಟೆಕ್ಸಾಸ್ ಕಾನೂನು ಬಿಡುವುದಿಲ್ಲ. ಕೋಚ್ ಎಷ್ಟೇ ದೊಡ್ಡವರಾದರೂ ಅದು ಅವರಿಗೂ ಅನ್ವಯ.

ದುಡ್ಡು ಮತ್ತು ಉಡುಗೊರೆ

ಹಳೆಯ ಆಟಗಾರರಿಗೆ ಕೈ ದೊಡ್ಡದು. ಬಡ ಮಕ್ಕಳನ್ನು ಕಂಡರೆ ಕೊಡಬೇಕು ಅನ್ನಿಸುತ್ತದೆ. ನಿಯಮ ಅದಕ್ಕೆ ಅಡ್ಡ ಬರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಟೆಡ್ಡಿ ಬ್ರಿಡ್ಜ್‌ವಾಟರ್ 2024ರಲ್ಲಿ ತಾವು ಓದಿದ ಮಯಾಮಿ ನಾರ್ತ್‌ವೆಸ್ಟರ್ನ್ ಶಾಲೆಗೆ ಕೋಚ್ ಆಗಿ ಬಂದು ಮೊದಲ ವರ್ಷವೇ ರಾಜ್ಯ ಚಾಂಪಿಯನ್ ಮಾಡಿದರು. ಮರುವರ್ಷ ಜುಲೈನಲ್ಲಿ ಅವರನ್ನು ಅಮಾನತು ಮಾಡಿದರು. ಮಕ್ಕಳ ಊಟಕ್ಕೆ, ಊಬರ್ ಸವಾರಿಗೆ ಕೈಯಿಂದ ಖರ್ಚು ಮಾಡಿದ್ದೇ ಕಾರಣ. ನನಗೆ ಓದಿ ಸಂಕಟವಾಯಿತು. ಆದರೂ ನೀವು ನೆನಪಿಡಿ: ಕೋಚ್ ಶೂ ಕೊಡಿಸಿದರು, ಮನೆಗೆ ಕಾರಿನಲ್ಲಿ ಬಿಟ್ಟರು ಅಂತ ಖುಷಿಪಡುವ ಮುಂಚೆ ಶಾಲೆಯಲ್ಲಿ ಕೇಳಿ. ತಪ್ಪಾದರೆ ಹುಡುಗನ ಆಟಕ್ಕೂ ಪೆಟ್ಟು ಬೀಳಬಹುದು. ನಿಮಗೆ ಕಷ್ಟ ಇದ್ದರೆ ಬೂಸ್ಟರ್ ಕ್ಲಬ್‌ನಲ್ಲಿ ಹೇಳಿ, ಸದ್ದಿಲ್ಲದೆ ದಾರಿ ಮಾಡುತ್ತಾರೆ.

ಮಾತಾಡುವ ಹೊತ್ತು

ಮ್ಯಾಚ್ ಮುಗಿದ ರಾತ್ರಿ ಕೋಚ್ ಹತ್ತಿರ ಹೋಗಿ "ನನ್ನ ಮಗನನ್ನ ಯಾಕೆ ಆಡಿಸಲಿಲ್ಲ" ಅಂತ ಕೇಳಬೇಡಿ. ಆ ಹೊತ್ತಿಗೆ ಅವರ ವಾರ ಮುಗಿದಿರುವುದಿಲ್ಲ. ಬೆವರಿನ ಜೆರ್ಸಿಗಳನ್ನು ಮೆಷಿನ್‌ಗೆ ಹಾಕುವುದರಿಂದ ಹಿಡಿದು ಎಲ್ಲ ಕೋಚ್‌ಗಳದೇ ಕೆಲಸ. ಶನಿವಾರ ಬೆಳಗ್ಗೆ ಮಕ್ಕಳ ಜೊತೆ ಕೂತು ವಿಡಿಯೋ ನೋಡಬೇಕು. ಭಾನುವಾರ ಮುಂದಿನ ಎದುರಾಳಿಯ ಲೆಕ್ಕಾಚಾರ. ಸೋಮವಾರ ಬೆಳಗ್ಗೆ ಮತ್ತೆ ಭೂಗೋಳ. ವಾರದ ನಡುವೆ ಇಮೇಲ್ ಮಾಡಿ ಸಮಯ ಕೇಳಿ. ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮಾತು ಅವನೇ ಶುರು ಮಾಡಲಿ. "ಆಡಲು ಅವಕಾಶ ಸಿಗಬೇಕಾದರೆ ನಾನು ಏನು ಸುಧಾರಿಸಿಕೊಳ್ಳಬೇಕು?" ಅಂತ ಅವನು ಕೇಳಿದರೆ ಒಳ್ಳೆಯ ಕೋಚ್ ಎರಡು-ಮೂರು ಖಚಿತ ಕೆಲಸ ಹೇಳುತ್ತಾರೆ.

ಮಾರ್ಕ್ಸ್ ಬಗ್ಗೆ ನಾವು ಹೇಳಬೇಕಾದ್ದೇ ಇಲ್ಲ ಅಂದುಕೊಂಡಿರುತ್ತೇವೆ. ಟೆಕ್ಸಾಸ್‌ನಲ್ಲಿ 1984ರಿಂದ ಪಾಸಾಗದಿದ್ದರೆ ಆಟ ಇಲ್ಲ. ಒಂದು ಸಬ್ಜೆಕ್ಟ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೂ ಕನಿಷ್ಠ ಮೂರು ವಾರ ಮ್ಯಾಚ್ ಆಡುವ ಹಾಗಿಲ್ಲ. ಪ್ರಾಕ್ಟೀಸ್‌ಗೆ ಮಾತ್ರ ಬರಬಹುದು. ಕೆಲವು ಕಠಿಣ ಕೋರ್ಸ್‌ಗಳಿಗೆ ವಿನಾಯಿತಿ ಇದೆ, ಯಾವುದು ಅಂತ ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಕೇಳಿಕೊಳ್ಳಿ.

ಕಾಲೇಜಿನ ಆಸೆ

ಕೋಚ್ ಎನ್‌ಎಫ್‌ಎಲ್‌ನವರು, ಒಂದು ಫೋನ್ ಮಾಡಿದರೆ ಸ್ಕಾಲರ್‌ಶಿಪ್ ಸಿಗುತ್ತದೆ ಅನ್ನುವ ನಂಬಿಕೆ ಎಷ್ಟೋ ಮನೆಗಳಲ್ಲಿ ಇದೆ. ಫೋನ್ ಮಾಡಿದರೆ ಕಾಲೇಜಿನವರು ವಿಡಿಯೋ ನೋಡುತ್ತಾರೆ, ಅಷ್ಟೇ. ಅಮೆರಿಕದಲ್ಲಿ ಸುಮಾರು 10 ಲಕ್ಷ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಕಾಲೇಜುಗಳಲ್ಲಿ ಆಡುವುದು ಅವರಲ್ಲಿ ನೂರಕ್ಕೆ ಏಳೆಂಟು ಜನ. ಈ ಕಾಲೇಜುಗಳಲ್ಲಿ ಮೂರು ಮಟ್ಟ, ಡಿವಿಷನ್ 1 ಎಲ್ಲಕ್ಕಿಂತ ಮೇಲಿನದು. ಅದರಲ್ಲೂ ಕೊನೆಯ ಮಟ್ಟವಾದ ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಓದಿನ ಮೇಲೆ, ಮನೆಯ ಆದಾಯದ ಮೇಲೆ ಸಿಗುವ ಸಹಾಯ ಬೇರೆ.

ಹನ್ನೊಂದನೇ ಕ್ಲಾಸಿನ ಸೀಸನ್ ಮುಗಿದ ಮೇಲೆ ಕೋಚ್‌ಗೆ ನೇರವಾಗಿ ಕೇಳಿ: "ಇವನು ಯಾವ ಮಟ್ಟದ ಕಾಲೇಜಿನಲ್ಲಿ ಆಡಬಹುದು?" ಮೇಲಿನ ಮಟ್ಟ ಹೇಗಿರುತ್ತದೆ ಅಂತ ಮೈಯಲ್ಲೇ ಅನುಭವಿಸಿದವರು ಅವರು. ಈ ಒಂದು ಪ್ರಶ್ನೆಗೆ ಅವರಷ್ಟು ಸರಿಯಾದ ಉತ್ತರ ಬೇರೆ ಯಾರೂ ಕೊಡಲಾರರು. ನಮ್ಮ ಕೋಚ್ ಸುತ್ತಿ ಬಳಸದೆ "ಡಿವಿಷನ್ 3, ಒಳ್ಳೆಯ ಇಂಜಿನಿಯರಿಂಗ್ ಇರುವ ಕಡೆ ನೋಡಿ" ಅಂದರು. ನನ್ನ ಗಂಡನಿಗೆ ಆ ಸಂಜೆ ಬೇಜಾರಾಯಿತು. ನನಗೆ ಸಮಾಧಾನವಾಯಿತು. ಯಾವ ಕಾಲೇಜುಗಳಿಗೆ ಬರೆಯಬೇಕು ಅನ್ನುವುದು ಆ ವಾರವೇ ಸ್ಪಷ್ಟವಾಯಿತು.

ಡಿವಿಷನ್ 1ರ ಆಸೆ ಇರುವವರು ಅಷ್ಟು ತಡ ಮಾಡಬೇಡಿ. ಅಲ್ಲಿಗೆ 16 ಮುಖ್ಯ ಕೋರ್ಸ್‌ಗಳು ಆಗಿರಬೇಕು, ಅದರಲ್ಲಿ 10 ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು. ಒಂಬತ್ತನೇ ಕ್ಲಾಸಿನಲ್ಲೇ ಶಾಲೆಯ ಕೌನ್ಸೆಲರ್ ಹತ್ತಿರ ಹೋಗಿ ಆ ಪಟ್ಟಿ ತೆಗೆದುಕೊಳ್ಳಿ, ಪ್ರತಿ ವರ್ಷ ಕೋರ್ಸ್ ಆರಿಸುವಾಗ ಪಕ್ಕದಲ್ಲಿಟ್ಟು ಟಿಕ್ ಹಾಕುತ್ತಾ ಬನ್ನಿ. ಕೋಚ್‌ಗೂ ಒಂದು ಪ್ರತಿ ಕೊಡಿ.